ತಮ್ಮನ ಎದುರು ನಿಂತ ಟೀಚರಮ್ಮ

ಟೀಚರಮ್ಮ ಎಂದೊಡನೆ ನನ್ನ ಕಣ್ಣ ಮುಂದೆ ಬರುವುದು ಎರಡು ಸ್ಟೀಲ್ ಲೋಟ, ಒಂದು ಹಿಡಿ ಹುಣಸೆ ಬೀಜ. ನಾಲ್ಕನೇ ಕ್ಲಾಸಿನ ಲೀಡರನ್ನು ಆರಿಸುವಾಗ ಅವರು ಲೋಟಗಳನ್ನು ಬೀರುವಿನ ಹಿಂದೆ ಇಡುತ್ತಿದ್ದರು. ನಾವು ಒಬ್ಬೊಬ್ಬರೇ ಹೋಗಿ ನಮಗೆ ಬೇಕಾದವರ ಲೋಟಕ್ಕೆ ಬೀಜ ಹಾಕಿ ಬರಬೇಕು. ಆ ಚುನಾವಣೆಗೆ ನಾನು ನಿಂತಿದ್ದೆ, ಸ್ವಲ್ಪದರಲ್ಲಿ ಸೋತೆ ಎಂದು ಇಷ್ಟು ವರ್ಷ ನಂಬಿಕೊಂಡು ಬಂದಿದ್ದೆ. ಮೊನ್ನೆ ಟೀಚರಮ್ಮನ ತಿಥಿಯ ಊಟಕ್ಕೆ ಕೂತಾಗ ಪಕ್ಕದಲ್ಲಿದ್ದ ಹಳೆಯ ಸಹಪಾಠಿ ನನ್ನ ಮಾತು ಕೇಳಿ ಪಾಯಸ ನೆತ್ತಿಗೇರುವಷ್ಟು ನಕ್ಕ.

“ನೀನೆಲ್ಲಿ ನಿಂತಿದ್ದೆ ಲೇ? ನೀನು ಬೀಜ ಹಂಚ್ತಿದ್ದೆ. ಅದೂ ಲೋಟ ಅಲ್ಲ, ತೆಂಗಿನ ಚಿಪ್ಪು.”

ಯಾವ ಆಧಾರವನ್ನೂ ಸುಮ್ಮನೆ ನಂಬಬೇಡ ಎಂದು ವಿಶ್ವವಿದ್ಯಾಲಯದಲ್ಲಿ ಕಲಿತೆ. ಅದನ್ನೇ ಈಗ ಚಳ್ಳಕೆರೆಯ ಒಂದು ಖಾಸಗಿ ಕಾಲೇಜಿನಲ್ಲಿ ರಾಜ್ಯಶಾಸ್ತ್ರದ ಹೆಸರಿನಲ್ಲಿ ಹೇಳಿಕೊಡುತ್ತೇನೆ. ಆದರೆ ಎಲ್ಲಕ್ಕಿಂತ ಕಡಿಮೆ ನಂಬಬೇಕಾದ ಆಧಾರ ನನ್ನ ತಲೆಯೇ ಎಂಬುದು ತಿಥಿ ಊಟದ ಸಾಲಿನಲ್ಲಿ ಗೊತ್ತಾಯಿತು. ಹಾಗಾಗಿ ಮುಂದೆ ಬರೆಯುವುದರಲ್ಲಿ ಲೋಟ ಚಿಪ್ಪಾಗಿರಬಹುದು. ಒಂದು ಮಾತು ಮಾತ್ರ ನಮ್ಮಿಬ್ಬರಿಗೂ ಒಂದೇ ರೀತಿ ನೆನಪಿದೆ. ಬೀಜ ಹಾಕುವ ರಗಳೆ ಬೇಡವೆಂದು ನಾವು “ಎಲ್ಲಾರೂ ಇವನಿಗೇ ಒಪ್ಪೀವಿ ಟೀಚರ್” ಎಂದು ಕೂಗಿದರೆ ಅವರು ಕನ್ನಡಕದ ಮೇಲಿನಿಂದ ನೋಡಿ ಕೇಳುತ್ತಿದ್ದರು:

“ಎಲ್ಲಾರೂ ಅಂದ್ರೆ ಯಾರ್ಯಾರು? ಒಬ್ಬೊಬ್ಬರೇ ಬರ್ರಿ.”

ಆ ಕನ್ನಡಕದ ಒಂದು ಕಡ್ಡಿ ಯಾವಾಗಲೂ ಮುರಿದಿರುತ್ತಿತ್ತು. ಮಗ್ಗದ ಮನೆಯಲ್ಲಿ ಉಳಿದ ಕೆಂಪು ರೇಷ್ಮೆ ಎಳೆಯಿಂದ ಅದನ್ನು ಬಿಗಿದುಕೊಳ್ಳುತ್ತಿದ್ದರು. ಮೊಳಕಾಲ್ಮೂರಿನ ಹತ್ತಿರದ ನಮ್ಮೂರಿನಲ್ಲಿ ನೇಕಾರರದ್ದೇ ಒಂದು ಓಣಿ ಇದೆ. ಅವರು ಅಲ್ಲಿಯೇ ಹುಟ್ಟಿದವರು. ಮದುವೆಯಾಗಿ ಹೋದ ಕೆಲವೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು, ಮಕ್ಕಳಿಲ್ಲದೆ, ಟೀಚರ್ ಕೆಲಸ ಹಿಡಿದು ತವರಿಗೆ ಮರಳಿದ್ದರು. ತಮ್ಮನ ಮನೆಗೆ ಹೊಂದಿಕೊಂಡ ಎರಡು ಕೋಣೆ ಅವರದು. ಬೆಳಗಿನಿಂದ ಸಂಜೆಯವರೆಗೆ ಗೋಡೆಯ ಆಚೆ ತಮ್ಮನ ಮಗ್ಗದ ಸದ್ದು. ರಾತ್ರಿಯ ಊಟ ತಮ್ಮನ ಮನೆಯಲ್ಲೇ. ತಂದೆ ತಾಯಿ ಹೋದ ಮೇಲೆ ಅವರಿಗೆ ಇದ್ದ ಬಳಗವೆಂದರೆ ಆ ತಮ್ಮ, ಆತನ ಹೆಂಡತಿ. ಅಷ್ಟೇ.

ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಸಿಟ್ಟು ಬಂದರೆ ಮಾತ್ರ ಶಾಲೆಯಲ್ಲೂ “ಏಂದ್ರಾ ಇದಿ?”, ಏನೋ ಇದು, ಎಂದು ತೆಲುಗು ಹೊರಡುತ್ತಿತ್ತು. ಆ ಎರಡು ಪದಕ್ಕೆ ಇಡೀ ಕ್ಲಾಸು ಬೆನ್ನು ನೆಟ್ಟಗೆ ಮಾಡುತ್ತಿತ್ತು. ಅವರನ್ನು ದೇವತೆ ಮಾಡುವ ಆಸೆ ನನಗಿಲ್ಲ. ಹಟಮಾರಿ. ಕೆಟ್ಟ ಅಕ್ಷರದವರನ್ನು ಮನುಷ್ಯರೆಂದೇ ಎಣಿಸುತ್ತಿರಲಿಲ್ಲ. ಚೌಕಾಬಾರ ಆಡಲು ಕೂತರೆ ರಾಜಾರೋಷವಾಗಿ ಮೋಸ ಮಾಡುತ್ತಿದ್ದರು. ಬಿದ್ದ ಕವಡೆಯನ್ನು ಸೆರಗಿನ ತುದಿಯಿಂದ ಮಗುಚಿ “ಅಷ್ಟಾ!” ಎಂದು ಕೂಗಿಬಿಡುವರು. ಹಿಡಿದು ಕೇಳಿದರೆ, “ಆಟದಾಗೆ ಮೋಸ ಮಾಡಿದ್ರೆ ಆಟ ಕೆಡ್ತೈತೆ, ಊರು ಕೆಡಲ್ಲ” ಎನ್ನುವರು. ಅವರ ನಾದಿನಿ, ಅಂದರೆ ತಮ್ಮನ ಹೆಂಡತಿ, ಕೊನೆಕೊನೆಗೆ ಅವರೊಂದಿಗೆ ಆಡುವುದನ್ನೇ ಬಿಟ್ಟಿದ್ದಳು.

ಅವರು ನಿವೃತ್ತರಾದ ಮೇಲೆ ನಮ್ಮ ಸ್ನೇಹ ಬೇರೆ ಥರದ್ದಾಯಿತು. ನಾನು ಚಳ್ಳಕೆರೆಯಿಂದ ಸಂಜೆ ಬಸ್ಸಿಳಿದು ಬರುವಾಗ ಅವರು ಜಗಲಿಯ ಮೇಲಿರುತ್ತಿದ್ದರು. ಒಂದು ದಿನ ನನಗೆ ಬೇಸರವಾಗಿತ್ತು. ನನ್ನಿವಾಳದಿಂದ ಬರುವ ವಿದ್ಯಾರ್ಥಿನಿಯೊಬ್ಬಳು ಕ್ಲಾಸಿನಲ್ಲಿ ಎದ್ದು ನಿಂತು, “ಸಂವಿಧಾನದಾಗೆ ಹಕ್ಕು ಅಂತ ಬರೆದೈತಲ್ಲ ಸರ್, ಮತ್ತೆ ನಮ್ಮೂರಾಗೆ ಯಾಕೆ ಸಿಗಲ್ಲ?” ಎಂದು ಕೇಳಿದ್ದಳು. ನಾನು ಎಂದಿನ ಉತ್ತರ ಕೊಟ್ಟಿದ್ದೆ: ಹಕ್ಕು ಕಾಗದದ ಮೇಲಿದ್ದರೆ ಸಾಲದು, ಅದರ ಬಲವೆಲ್ಲ ರಾಜಕೀಯ ಸಂಸ್ಕೃತಿಯಲ್ಲಿದೆ, ಆ ಸಂಸ್ಕೃತಿ ನಮ್ಮಲ್ಲಿ ಬೆಳೆದಿಲ್ಲ. ಹುಡುಗಿ ಅದನ್ನು ಬರೆದುಕೊಂಡು ಕೂತಳು. ಉತ್ತರ ತಪ್ಪಲ್ಲ. ಆದರೆ ಅವಳು ಅದನ್ನು ತೆಗೆದುಕೊಂಡು ಹೋಗಿ ಏನು ಮಾಡಬೇಕು?

ಟೀಚರಮ್ಮ ಕೇಳಿಸಿಕೊಂಡು ತಟ್ಟೆಗೆ ಟೀ ಬಗ್ಗಿಸಿ ಊದಿದರು.

“ಸಂಸ್ಕೃತಿ ಅಂದ್ರೇನಪ್ಪಾ, ಮಳೆ ಥರ ಮೇಲಿಂದ ಬೀಳ್ತೈತಾ? ಅದು ನಿಮ್ಮಪ್ಪ, ನಮ್ಮ ತಮ್ಮ, ಓಣಿ ಯಜಮಾನ, ನಾನು, ನೀನು. ಇವರೆಲ್ಲಾ ದಿನಾ ಏನ್ ಮಾಡ್ತಾರೋ ಅದು.”

“ಅಷ್ಟು ಸುಲಭ ಅಲ್ಲ ಟೀಚರ್,” ಎಂದೆ.

“ಸುಲಭ ಅಂತ ಯಾರಂದ್ರು?”

ಈ ಮಾತು ನಡೆದದ್ದು ಪಂಚಾಯ್ತಿ ಚುನಾವಣೆಗೆ ಮೊದಲೋ ಆಮೇಲೋ, ಎಷ್ಟು ಜಗ್ಗಿದರೂ ನೆನಪು ಕೊಡುತ್ತಿಲ್ಲ. ಮೊದಲೇ ಇರಬೇಕು ಎಂದುಕೊಳ್ಳುತ್ತೇನೆ, ಹಾಗಿದ್ದರೆ ಕಥೆ ಚೆನ್ನಾಗಿರುತ್ತದೆ. ಅದಕ್ಕೇ ನನಗೆ ಅನುಮಾನ.

ಚುನಾವಣೆಯ ವಿಷಯಕ್ಕೆ ಬರುತ್ತೇನೆ. ನಮ್ಮ ಓಣಿಗೆ ಒಂದು ಹೆಮ್ಮೆ ಇತ್ತು. ಇಲ್ಲಿ ಗ್ರಾಮ ಪಂಚಾಯ್ತಿಗೆ ವೋಟು ನಡೆದದ್ದೇ ಇಲ್ಲ. ಚುನಾವಣೆ ಘೋಷಣೆಯಾದ ವಾರದಲ್ಲಿ ಓಣಿಯ ಯಜಮಾನರು ದೇವಸ್ಥಾನದ ಅಂಗಳದಲ್ಲಿ ಹಿರಿಯರನ್ನು ಕೂರಿಸುತ್ತಿದ್ದರು. ಒಬ್ಬನ ಹೆಸರು ಹೇಳಿ, ಅವನ ಕೈಗೆ ತೆಂಗಿನಕಾಯಿ ಕೊಟ್ಟರೆ ಮುಗಿಯಿತು. ಬೇರೆ ಯಾರೂ ನಾಮಪತ್ರ ಹಾಕುತ್ತಿರಲಿಲ್ಲ. ಅವಿರೋಧ ಆಯ್ಕೆ. “ನಮ್ಮಲ್ಲಿ ಜಗಳ ಇಲ್ಲ, ಪಾರ್ಟಿ ಇಲ್ಲ, ಬೂತೂ ಇಲ್ಲ” ಎಂದು ಯಜಮಾನರು ಮೊಳಕಾಲ್ಮೂರು ಸಂತೆಯಲ್ಲಿ ಹೇಳಿಕೊಂಡು ಬರುವರು. ದಿಲ್ಲಿಗೆ, ಬೆಂಗಳೂರಿಗೆ ಯಾರು ಹೋಗಬೇಕೆಂದು ಇದೇ ಜನ ಸಾಲಿನಲ್ಲಿ ನಿಂತು ವೋಟು ಹಾಕುತ್ತಿದ್ದರು. ಮನೆ ಮುಂದಿನ ಚರಂಡಿ ಯಾರ ಕೈಲಿರಬೇಕೆಂದು ಮಾತ್ರ ಹಾಕುತ್ತಿರಲಿಲ್ಲ. ಕಾನೂನು ಮುರಿದವರಿಲ್ಲ, ಬೆದರಿಸಿದವರಿಲ್ಲ. ಯಾರ ಹಕ್ಕನ್ನೂ ಯಾರೂ ಕಿತ್ತುಕೊಂಡಿರಲಿಲ್ಲ. ಅದು ಗೂಟಕ್ಕೆ ನೇತುಹಾಕಿದ ಛತ್ರಿಯ ಹಾಗೆ ಇತ್ತು, ಬಿಚ್ಚುವವರಿರಲಿಲ್ಲ. ಅಂಗಳದ ಸಭೆಗೆ ಹೆಂಗಸರು ಬರುತ್ತಿರಲಿಲ್ಲ. ಓಣಿಯ ಹಿಂದಿನ ಸಾಲಿನಲ್ಲಿ ಕೂಲಿ ನೇಯುವವರ, ನೂಲು ಸುತ್ತುವವರ ಮನೆಗಳಿದ್ದವು. ಅವರನ್ನು ಕರೆಯುವ ರೂಢಿಯೂ ಇರಲಿಲ್ಲ.

ಆ ತೆಂಗಿನಕಾಯಿ ಒಂದು ಸಲ ಟೀಚರಮ್ಮನ ತಮ್ಮನ ಕೈಗೆ ಬಂದಿತ್ತು. ಆಗ ಅವರಿನ್ನೂ ಕೆಲಸದಲ್ಲಿದ್ದರು. ಐದು ವರ್ಷ ಕಳೆದು, ಕೊರೊನಾದ ಚುನಾವಣೆಯಲ್ಲಿ ಎರಡನೇ ಸಲವೂ ಆತನಿಗೇ ಬಂತು. ಒಳ್ಳೆಯ ಮನುಷ್ಯ. ಯಾರೊಂದಿಗೂ ಜಗಳವಿಲ್ಲ, ಅದಕ್ಕೇ ಆರಿಸಿದ್ದರು. ಬೀದಿ ದೀಪ ಹಾಕಿಸಬೇಕಾದರೂ ಯಜಮಾನರ ಜಗಲಿಗೆ ಹೋಗಿ “ಹಾಕ್ಸಲಾ?” ಎಂದು ಕೇಳಿ ಬರುವಷ್ಟು ಒಳ್ಳೆಯವನು.

ಮಾರನೇ ದಿನ ಟೀಚರಮ್ಮ ನಮ್ಮ ಮನೆಗೆ ಬಂದರು. ಮುಖಕ್ಕೆ ಮಾಸ್ಕು, ಕಂಕುಳಲ್ಲಿ ಬ್ಯಾಗು.

“ನಾನು ನಾಮಿನೇಶನ್ ಹಾಕ್ತೀನಿ. ಸೂಚಕರು ಅಂತ ಒಬ್ಬರು ಸಹಿ ಹಾಕ್ಬೇಕು. ಓಣಿಯಾಗೆ ಬೇರೆ ಯಾರೂ ಹಾಕಲ್ಲ. ನಿನ್ನ ವೋಟು ಇಲ್ಲೇ ಐತಲ್ಲ, ನೀನು ಹಾಕು.”

“ತಮ್ಮನ ಎದುರಾ ಟೀಚರ್?”

“ಅವನ ಎದುರು ಅಲ್ಲ. ಅವನ ಜೊತಿಗೆ ಇನ್ನೊಂದು ಹೆಸರು ಇರಲಿ ಅಂತ. ಒಂದೇ ಹೆಸರು ಇದ್ರೆ ಜನ ಏನು ಆರಿಸ್ತಾರೆ?”

ನನಗೆ ಗೊತ್ತಿದ್ದ ವಾದಗಳನ್ನೆಲ್ಲ ಹೂಡಿದೆ. ಸೋಲುತ್ತೀರಿ, ಊರು ಒಡೆಯುತ್ತದೆ, ಶತಮಾನದ ರೂಢಿ ಒಂದು ನಾಮಪತ್ರಕ್ಕೆ ಅಲ್ಲಾಡುವುದಿಲ್ಲ. ಅವರು ಎಲ್ಲವನ್ನೂ ಕೇಳಿಸಿಕೊಂಡು ಬ್ಯಾಗಿನಿಂದ ಪೆನ್ನು ತೆಗೆದು ಕೊಟ್ಟರು. ಸಹಿ ಹಾಕಿದೆ. ಧೈರ್ಯದಿಂದಲ್ಲ. ನಾಲ್ಕನೇ ಕ್ಲಾಸಿನ ಟೀಚರು ಪೆನ್ನು ಕೊಟ್ಟರೆ ಬರೆಯದೆ ಇರುವುದು ಹೇಗೆಂದು ನನಗೆ ಯಾವ ವಿಶ್ವವಿದ್ಯಾಲಯವೂ ಕಲಿಸಿರಲಿಲ್ಲ.

ಪಂಚಾಯ್ತಿ ಕಚೇರಿಯಲ್ಲಿ ಚುನಾವಣಾಧಿಕಾರಿ ಹೆಸರುಗಳನ್ನು ನೋಡಿ ತಲೆ ಎತ್ತಿದರು. “ಮೇಡಂ, ಸ್ವಂತ ತಮ್ಮ ಅಂತೀರಾ. ಆಸ್ತಿ ತಕರಾರೇನಾದ್ರೂ ಐತಾ?”

“ಐತೆ,” ಎಂದರು ಟೀಚರಮ್ಮ. “ಊರಿನ ಆಸ್ತಿ.”

ಸಂಜೆಯೊಳಗೆ ಓಣಿಯ ಮಗ್ಗಗಳೆಲ್ಲ ನಿಂತು ಬಾಯಿಗಳು ಓಡತೊಡಗಿದವು. ಯಜಮಾನರು ತಮ್ಮನನ್ನು ಕರೆಸಿದರು. ಅಕ್ಕನಿಂದ ಹಿಂದಕ್ಕೆ ತೆಗೆಸು, ಇಲ್ಲವಾದರೆ ನಿನ್ನ ಮನೆಯ ಒಳ್ಳೇದು ಕೆಟ್ಟದ್ದಕ್ಕೆ ಓಣಿಯವರು ಬರುವುದಿಲ್ಲ ಎಂದರಂತೆ. ನಾಮಪತ್ರ ಹಿಂಪಡೆಯುವ ಕೊನೆಯ ದಿನ ಮಧ್ಯಾಹ್ನ ಆತ ಜಗಲಿಗೆ ಬಂದಾಗ ನಾನು ಅಲ್ಲಿಯೇ ಇದ್ದೆ. ಇದನ್ನು ನಾನು ಕಂಡಿದ್ದೇನೆ, ಇದರಲ್ಲಿ ಅನುಮಾನವಿಲ್ಲ.

“ಅಕ್ಕಾ, ನಿಂಗೆ ಮೆಂಬರ್ ಆಗ್ಬೇಕಾ? ಹೇಳು, ಈಗ್ಲೇ ನಾನು ಹಿಂದಕ್ಕೆ ತಗೊಂತೀನಿ. ನೀನೇ ಆಗು.”

“ಅದೂ ಅವಿರೋಧನೇ ಆಗ್ತೈತಲ್ಲೋ. ಬ್ಯಾಡ. ನೀನೂ ಇರು, ನಾನೂ ಇರ್ತೀನಿ.”

“ಮತ್ತೆ ಗೆಲ್ಲಾಕೆ ನಿಂತಿಲ್ಲ, ಬಿಡಾಕೂ ವಲ್ಲೆ ಅಂತೀಯ. ಏನಕ್ಕಾ ನಿನ್ನ ಆಟ?”

“ನನ್ನ ನಾದಿನಿ ಅದಾಳೆ. ಹಿಂದಿನ ಸಾಲಿನಾಗೆ ನೂಲು ಸುತ್ತೋ ಮುದುಕಿ ಅದಾಳೆ. ಅವರನ್ನ ಯಾರಾದ್ರೂ ಕೇಳಿದ್ರಾ, ನಿನ್ನ ಮಾಡಬೇಕಾ ಬ್ಯಾಡಾ ಅಂತ? ಅವರು ನಿನ್ನೇ ಮಾಡ್ತಾರೆ ಕಣೋ. ಆದ್ರೆ ಕೇಳ್ಬೇಕು.”

ಆತ ಪಂಚಾಯ್ತಿ ಕಚೇರಿಯ ಕಡೆ ಕೈ ತೋರಿಸಿದ. “ನೋಡು, ಮೂರು ಗಂಟೆ ತನಕ ಟೈಮ್ ಐತೆ. ನೀನು ಹೋಗಿ ಹಿಂದಕ್ಕೆ ತಗೊಳ್ಳಿಲ್ಲ ಅಂದ್ರೆ, ಇವತ್ತಿಗೆ ನಿನ್ನ ಜೊತಿಗೆ ನನ್ನ ಮಾತು ಮುಗೀತು.”

ಆತ ತನ್ನ ಮನೆಯೊಳಗೆ ಹೋದ. ನಾನು “ಟೀಚರ್, ಒಂದು ಹಕ್ಕಿಗೋಸ್ಕರ ತಮ್ಮನನ್ನು ಕಳ್ಕೊಬೇಕಾ?” ಎಂದೆ. ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಬಹಳ ಹೊತ್ತು ಒರೆಸಿದರು. ಪಂಚಾಯ್ತಿ ಕಚೇರಿ ಅಲ್ಲಿಂದ ಕೂಗಳತೆಯಲ್ಲಿತ್ತು. ಮೂರು ಗಂಟೆಯಾಗುವವರೆಗೆ ಅವರು ಜಗಲಿಯಿಂದ ಏಳಲಿಲ್ಲ. ಆಮೇಲೆ ಎದ್ದು ಒಳಗೆ ಹೋಗಿ ಒಬ್ಬರಿಗೆ ಸಾಕಾಗುವಷ್ಟು ಅಕ್ಕಿ ತೊಳೆದರು. ತಮ್ಮನ ಮನೆಯ ಊಟ ಅಂದಿನಿಂದ ನಿಂತಿತು.

ಪ್ರಚಾರ ಎಂದರೆ ಅವರು ಒಬ್ಬರೇ ಮನೆ ಮನೆ ತಿರುಗಿದ್ದು. ಮಗ್ಗದ ಚಿಹ್ನೆ ಕೇಳಿದ್ದರು, ಇರಲಿಲ್ಲ. ಸಿಕ್ಕಿದ್ದು ಕುಕ್ಕರು. “ಟೀಚರಮ್ಮಾ, ಕುಕ್ಕರ್ ಯಾವಾಗ ಕೂಗ್ತೈತೆ?” ಎಂದು ಟೀ ಅಂಗಡಿಯ ಮುಂದೆ ಕೂತವರು ಕಿಚಾಯಿಸಿದರೆ, “ಕೆಳಗೆ ಉರಿ ಇಟ್ಟೀರಲ್ಲ, ಇನ್ನೇನು ಕೂಗ್ತೈತೆ” ಎಂದು ನಡೆದುಬಿಡುವರು. ಪ್ರತಿ ಬಾಗಿಲಿನಲ್ಲೂ ಅವರು ಹೇಳಿದ್ದು ಒಂದೇ: “ನಂಗೇ ಹಾಕಿ ಅಂತ ಕೇಳಾಕೆ ಬಂದಿಲ್ಲ. ಬಂದು ಹಾಕಿ ಅಂತ ಕೇಳಾಕೆ ಬಂದೀನಿ.” ಎದುರಾಳಿಯ ಬಗ್ಗೆ ಏನು ಹೇಳುತ್ತೀರಿ ಎಂದು ಯಾರೋ ಕೇಳಿದ್ದಕ್ಕೆ, “ಚಿನ್ನದಂಥ ಮನುಷ್ಯ, ಸ್ವಲ್ಪ ಹೆದರುಪುಕ್ಕಲ” ಎಂದರಂತೆ. ಇಂಥ ಪ್ರಚಾರವನ್ನು ನಾನು ಯಾವ ಪಠ್ಯದಲ್ಲೂ ಓದಿಲ್ಲ.

ಮತದಾನದ ದಿನ ಶಾಲೆಯ ಕೋಣೆಯಲ್ಲಿ ಬೂತು. ನಮ್ಮ ಓಣಿ ಕಂಡ ಮೊದಲ ಪಂಚಾಯ್ತಿ ಬೂತು. ಹತ್ತು ಗಂಟೆಯವರೆಗೆ ಯಾರೂ ಬರಲಿಲ್ಲ. ಆಮೇಲೆ ಹಿಂದಿನ ಸಾಲಿನ ಹೆಂಗಸರು ಗುಂಪಾಗಿ ಬಂದರು, ಹಬ್ಬದ ಸೀರೆ ಉಟ್ಟುಕೊಂಡು, ಮೂಗಿನ ಮೇಲೆ ಸೆರಗು ಕಟ್ಟಿಕೊಂಡು. ಅವರನ್ನು ಕಂಡು ಉಳಿದವರೂ ಬಂದರು. ಕೊನೆಗೆ ಯಜಮಾನರೂ ಬಂದು ಸಾಲಿನ ತುದಿಯಲ್ಲಿ ನಿಂತರು. ಯಾರೂ ಅವರಿಗೆ ಮುಂದೆ ಜಾಗ ಬಿಡಲಿಲ್ಲ, ಅವರೂ ಕೇಳಲಿಲ್ಲ. ನೂಲು ಸುತ್ತುವ ಅಜ್ಜಿಯೊಬ್ಬಳು ಹೊರಗೆ ಬಂದು ಬೆರಳಿನ ಶಾಯಿಯನ್ನು ನೋಡಿಕೊಳ್ಳುತ್ತಾ ಹೇಳಿದಳು: “ಎಂಎಲ್ಲೆಗೆ ಹಾಕಿದಾಗ ಹಿಂಗೆ ಅನ್ನಿಸ್ಲಿಲ್ಲ ನೋಡು. ಇವರಿಬ್ರೂ ನಂಗೆ ಗೊತ್ತಿರೋರು. ಸೀಲು ಹಿಡ್ಕೊಂಡು ಎರಡು ಸಲ ಯೋಚ್ನೆ ಮಾಡ್ದೆ.”

ಮೊಳಕಾಲ್ಮೂರಿನಲ್ಲಿ ಎಣಿಕೆಯಾಯಿತು. ತಮ್ಮ ದೊಡ್ಡ ಅಂತರದಿಂದ ಗೆದ್ದ. ಟೀಚರಮ್ಮ ಸೋತರು. ಆತ ಹಾರ ಹಾಕಿಕೊಂಡು ಓಣಿಗೆ ಬಂದವನು ಅಕ್ಕನ ಜಗಲಿಯ ಮುಂದೆ ತಲೆ ತಗ್ಗಿಸಿ ನಡೆದುಹೋದ. ನನಗೆ ಒಳಗೊಳಗೆ ನಾನು ಹೇಳಿದ್ದೇ ಸರಿಯಾಯಿತಲ್ಲ ಎನ್ನಿಸಿತು. ರೂಢಿ ಗೆದ್ದಿತು, ಅಕ್ಕ ತಮ್ಮನನ್ನು ಕಳೆದುಕೊಂಡರು.

ಆದರೆ ಆ ಚಳಿಗಾಲ ಕಳೆಯುವುದರೊಳಗೆ ಓಣಿಯಲ್ಲಿ ಒಂದು ವಿಚಿತ್ರ ಶುರುವಾಯಿತು. ಜನ ತಮ್ಮನ ಮನೆ ಬಾಗಿಲಿಗೆ ಬರತೊಡಗಿದರು. ಮೊದಲು ಏನಿದ್ದರೂ ಯಜಮಾನರ ಜಗಲಿಗೆ ಹೋಗುತ್ತಿದ್ದವರು, ಅಥವಾ ಎಲ್ಲಿಗೂ ಹೋಗದೆ ಸುಮ್ಮನಿದ್ದವರು. “ನಾನು ನಿಂಗೇ ವೋಟ್ ಹಾಕೀನಣ್ಣಾ, ನಮ್ಮ ಸಾಲಿಗೆ ನಲ್ಲಿ ಎಲ್ಲೈತೆ?” ಎಂದು ಕೇಳುವರು. ಬಿದ್ದ ವೋಟಿಗಿಂತ ಹೆಚ್ಚು ಜನ ತಾವು ಆತನಿಗೇ ಹಾಕಿದ್ದೆಂದು ಹೇಳಿದರು. ಅಲ್ಲ ಎನ್ನಲು ಆತನ ಬಳಿ ದಾರಿಯಿರಲಿಲ್ಲ. ಹಿಂದಿನ ಸಾಲಿಗೆ ಪೈಪು ಎಳೆಯುವುದು ಬೇಡ, ಮೊದಲು ದೇವಸ್ಥಾನದ ಬೀದಿಗೆ ಆಗಲಿ ಎಂದು ಯಜಮಾನರು ಹೇಳಿಕಳಿಸಿದಾಗ, ಆತ ಬೆವರುತ್ತಾ, ತೊದಲುತ್ತಾ ಹೇಳಿದ ಮಾತು ಓಣಿಯಲ್ಲೆಲ್ಲ ಹಬ್ಬಿತು: “ಹೋದ ಸಲ ನೀವು ಮಾಡಿದ್ರಿ, ನಿಮ್ಮನ್ನ ಕೇಳ್ದೆ. ಈ ಸಲ ಅವರು ಮಾಡ್ಯಾರೆ. ಅವರು ಬಿಡವಲ್ಲರು ಯಜಮಾನ್ರೇ, ನಾನೇನ್ ಮಾಡ್ಲಿ?”

ಪೈಪು ಬಂತು. ಆತನ ನೆಮ್ಮದಿ ಹೋಯಿತು. ಅದೇ ಬೇಸಗೆಯ ಒಂದು ಬೆಳಿಗ್ಗೆ, ನಾಲ್ಕೈದು ತಿಂಗಳ ಮೌನ ಮುರಿದು, ಆತ ಅಕ್ಕನ ಬಾಗಿಲಿಗೆ ಬಂದ. ಆ ದೃಶ್ಯ ನನ್ನ ಕಣ್ಣಿಗೆ ಕಟ್ಟಿದಂತಿದೆ. ಟೀಚರಮ್ಮ ಮೊರದಲ್ಲಿ ಕಡಲೆಬೀಜ ಆರಿಸುತ್ತಿದ್ದರು, ನಾನು ಕಂಬಕ್ಕೆ ಒರಗಿ ನಿಂತಿದ್ದೆ. ಆದರೆ ಲೆಕ್ಕ ಹಾಕಿ ನೋಡಿದರೆ ಆ ದಿನ ನಾನು ಚಳ್ಳಕೆರೆಯಲ್ಲಿ ಪರೀಕ್ಷೆಯ ಕೆಲಸದಲ್ಲಿದ್ದೆ. ಅಂದರೆ ಇದನ್ನು ನಾದಿನಿಯ ಬಾಯಲ್ಲಿ ಕೇಳಿರಬೇಕು. ಅವಳು ಹೇಳಿದ ರೀತಿಗೆ ನಾನೂ ಅಲ್ಲಿ ಹೋಗಿ ನಿಂತುಬಿಟ್ಟಿದ್ದೇನೆ.

“ಅಕ್ಕಾ, ನಿನ್ನಿಂದ ಬೆಳಿಗ್ಗೆ ಒಂದು ಲೋಟ ಕಾಫಿ ಕುಡಿಯಾಕೆ ಬಿಡ್ತಿಲ್ಲ ಜನ. ಬಂದೋರೆಲ್ಲಾ ‘ನಿಂಗೇ ಹಾಕೀನಿ’ ಅಂತಾರೆ.”

“ನಾನೂ ನಿಂಗೇ ಹಾಕೀನಿ,” ಎಂದರು ಟೀಚರಮ್ಮ, ಮೊರದಿಂದ ತಲೆ ಎತ್ತದೆ.

ಆತನಿಗೆ ಮೊದಲು ಅರ್ಥವಾಗಲಿಲ್ಲವಂತೆ. ಅರ್ಥವಾದ ಮೇಲೆ ಸಿಟ್ಟು ನೆತ್ತಿಗೇರಿತಂತೆ. “ನಂಗೇ ಹಾಕಿದೆಯಾ? ಮತ್ತೆ ಯಾಕೆ ನಿಂತೆ? ಓಣಿ ಎದುರು ಹಾಕ್ಕೊಂಡು, ನನ್ನ ಮಾತು ಬಿಡಿಸ್ಕೊಂಡು!”

“ನಾನು ನಿಲ್ಲದೇ ಇದ್ದಿದ್ರೆ ನಿಂಗೆ ಹೆಂಗೋ ವೋಟ್ ಹಾಕ್ಲಿ?”

ಆತ ಅಲ್ಲಿಯೇ ಕುಸಿದು ಕೂತು ಮೊರಕ್ಕೆ ಕೈ ಹಾಕಿ ಕಡಲೆಬೀಜ ಆರಿಸತೊಡಗಿದನಂತೆ. ಸಂಜೆ ನಾದಿನಿ ಅಕ್ಕನ ತಟ್ಟೆಯನ್ನೂ ಹಾಕಿದಳು.

ಈ ಒಂದು ಪ್ರಸಂಗದಿಂದ ದೇಶದ ಬಗ್ಗೆ ದೊಡ್ಡ ತೀರ್ಮಾನಕ್ಕೆ ಬರುವಷ್ಟು ಭೋಳೆ ನಾನಲ್ಲ. ಒಂದು ಓಣಿ, ಒಂದು ಸೀಟು, ಒಂದು ಪೈಪು. ಪಕ್ಕದ ಓಣಿಗಳಲ್ಲಿ ತೆಂಗಿನಕಾಯಿ ಈಗಲೂ ಕೈ ಬದಲಾಯಿಸುತ್ತಿದೆ. ಆದರೂ ಆ ನನ್ನಿವಾಳದ ಹುಡುಗಿ ಕೇಳಿದಂಥ ಪ್ರಶ್ನೆಯನ್ನು ಈಗ ಬೇರೆ ಯಾರಾದರೂ ಕೇಳಿದರೆ, ಸಂಸ್ಕೃತಿ ಬೆಳೆದಿಲ್ಲ ಎಂದು ಹೇಳಿ ಕೈ ತೊಳೆದುಕೊಳ್ಳಲು ಆಗುತ್ತಿಲ್ಲ. ಈ ಕಥೆ ಹೇಳುತ್ತೇನೆ. ಪಠ್ಯ ಬದಿಗಿಟ್ಟು ಹುಡುಗರು ತಮ್ಮೂರಿನ ತೆಂಗಿನಕಾಯಿಗಳ ಬಗ್ಗೆ ಮಾತಾಡಲು ಶುರು ಮಾಡುತ್ತಾರೆ. ಎಲ್ಲವನ್ನೂ ಅನುಮಾನಿಸುವ ನನಗೆ, ಅನುಮಾನಿಸಿದ ಮೇಲೂ ಮಾಡಲು ಒಂದು ಕೆಲಸ ಉಳಿದಿರುತ್ತದೆ ಎಂದು ತೋರಿಸಿದವರು ಅವರು. ಅದಕ್ಕೆ ನಾನು ಋಣಿ. ಬದುಕಿದ್ದಾಗ ಇದನ್ನು ಅವರಿಗೆ ಹೇಳಿದೆನೇ? ಹೇಳಿದ ನೆನಪಿದೆ. ಹೇಳಿಲ್ಲದಿರುವ ಸಾಧ್ಯತೆಯೇ ಹೆಚ್ಚು. ಚಳ್ಳಕೆರೆಯ ಆಸ್ಪತ್ರೆಯಲ್ಲಿ ಅವರ ಕೊನೆಯ ವಾರದಲ್ಲಿ ದಿನವೂ ಕಾಲೇಜು ಮುಗಿಸಿ ಹೋಗುತ್ತಿದ್ದೆ. ಅವರು ವಾರ್ಡಿನ ಫ್ಯಾನು ಯಾರನ್ನು ಕೇಳಿ ಇಷ್ಟು ಜೋರಾಗಿ ಇಟ್ಟಿದ್ದಾರೆ ಎಂದು ನರ್ಸಮ್ಮನನ್ನು ವಿಚಾರಿಸುತ್ತಿದ್ದರು. ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ತಮ್ಮ ಕೂತಿರುತ್ತಿದ್ದ.

ಈಗ ಮತ್ತೆ ಪಂಚಾಯ್ತಿ ಚುನಾವಣೆಯ ಮಾತು ಕೇಳಿಬರುತ್ತಿದೆ. ತಿಥಿ ಮುಗಿದ ಮೂರನೇ ದಿನವೋ ನಾಲ್ಕನೇ ದಿನವೋ ತಮ್ಮ ನಮ್ಮ ಮನೆಗೆ ಬಂದ. ಯಜಮಾನರು ಅಂಗಳಕ್ಕೆ ಕರೆದಿದ್ದರಂತೆ. ಇನ್ನು ತಕರಾರು ಮಾಡುವವರು ಯಾರೂ ಇಲ್ಲ, ಈ ಸಲ ಮೊದಲಿನ ಹಾಗೆ ನಿನ್ನನ್ನೇ ಅವಿರೋಧ ಮಾಡೋಣ ಎಂದು ತೆಂಗಿನಕಾಯಿ ಚಾಚಿದರಂತೆ.

“ತಗೊಳ್ಳಿಲ್ಲ,” ಎಂದ. “ಅದನ್ನ ತಗೊಂಡ್ರೆ ಮತ್ತೆ ಆ ಜಗಲಿ ಮುಂದೆ ಕೈಕಟ್ಟಿ ನಿಲ್ಲಬೇಕು. ನಂಗೆ ಆಗಲ್ಲ. ಆದ್ರೆ ಎದುರು ನಿಲ್ಲೋರು ಒಬ್ಬರಾದ್ರೂ ಬೇಕಲ್ಲ ಮೇಷ್ಟ್ರೇ. ಬೆಳಿಗ್ಗಿಂದ ಓಣಿ ತಿರುಗ್ತಾ ಇದೀನಿ. ‘ನನ್ನ ಎದುರು ನಿಲ್ತೀಯಾ’ ಅಂದ್ರೆ ಎಲ್ಲಾರೂ ನಗ್ತಾರೆ. ನೀನು ನಿಲ್ಲು.”

“ನಾನಾ? ನನಗೆ ಕಾಲೇಜು ಇದೆ. ಇದೆಲ್ಲ ನನಗೆ ಬರೋದಿಲ್ಲ.”

“ಬರಬೇಕು ಅಂತ ಎಲ್ಲೈತೆ? ಸೋಲ್ತೀಯ, ಹೆದರಬ್ಯಾಡ.”

ಯೋಚಿಸಿ ಹೇಳುತ್ತೇನೆ ಎಂದೆ. ಆತ ತಲೆಯಾಡಿಸಿ ಇಳಿದು ಹೋದ. ಎದುರು ಮನೆಯ ಬಾಗಿಲು ತಟ್ಟಿದ್ದು, “ಅಣ್ಣಾ, ಒಂದು ಉಪಕಾರ ಆಗ್ಬೇಕು” ಎಂದದ್ದು, ಒಳಗಿನಿಂದ ನಗು ಎದ್ದದ್ದು ಕೇಳಿಸಿತು. ಮುಂದಿನ ಬಾಗಿಲಿಗೆ ಆತ ಹೋಗುವಷ್ಟರಲ್ಲಿ ನಾನು ಬರಿಗಾಲಲ್ಲೇ ಬೀದಿಗೆ ಇಳಿದಿದ್ದೆ.

“ನಿಲ್ತೀನಿ,” ಎಂದೆ. “ಆದರೆ ಅಣ್ಣಾ, ಅಕಸ್ಮಾತ್ ನಾನು ಗೆದ್ದುಬಿಟ್ಟರೆ?”

ಆ ಸಾಧ್ಯತೆ ಆತನಿಗೆ ಹೊಳೆದೇ ಇರಲಿಲ್ಲ. ಮುಖ ಒಂದು ಕ್ಷಣ ಪೆಚ್ಚಾಯಿತು. ಆಮೇಲೆ ಅದರ ಮೇಲೆ ನಿಧಾನವಾಗಿ, ನಾನು ಎಂದೂ ಕಂಡಿರದ ಒಂದು ನಿರಾಳ ಹರಡಿಕೊಂಡಿತು.

“ಗೆದ್ರೆ ಗೆಲ್ಲು,” ಎಂದ. “ಬೆಳಿಗ್ಗೆ ನೀನು ಕಾಫಿ ಲೋಟ ಎತ್ತೋ ಹೊತ್ತಿಗೆ ಬಾಗ್ಲಿಗೆ ಬಂದು, ‘ನಿಂಗೇ ಹಾಕೀನಿ, ನಲ್ಲಿ ಎಲ್ಲೈತೆ’ ಅಂತ ನಾನು ಕೇಳ್ತೀನಿ.”